ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್: ನಾಲ್ಕು ವರ್ಷದ ಬಾಳು, ಐವತ್ತು ವರ್ಷದ ವ್ಯಾಜ್ಯ

ಗಾನತಟ್ಟೆ (ಚರ್ಚೆ ಆರಂಭಿಸಿದವರು)

ಕಳೆದ ಎರಡು ವಾರಗಳಿಂದ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಎಂಬ ಅಮೆರಿಕದ ರಾಕ್ ತಂಡದ ಏಳು ಆಲ್ಬಂಗಳನ್ನು ಬಿಡುಗಡೆಯಾದ ಕ್ರಮದಲ್ಲೇ ಕೇಳುತ್ತಿದ್ದೇನೆ. ಏಳನ್ನೂ ಒಂದರ ಹಿಂದೊಂದು ಹಾಕಿದರೆ ಸುಮಾರು ನಾಲ್ಕು ಗಂಟೆಯ ಸಂಗೀತ, ಅಷ್ಟೇ. ಅಷ್ಟರಲ್ಲಿ ಅಮೆರಿಕದ ಜನ ಇಂದಿಗೂ ಬಾಯಿಪಾಠ ಹೇಳುವ ಹದಿನೈದಿಪ್ಪತ್ತು ಹಾಡುಗಳಿವೆ. ಈ ತಂಡದ ಏಳುಬೀಳುಗಳ ಬಗ್ಗೆ ಇಲ್ಲಿ ಒಮ್ಮೆ ಸರಿಯಾಗಿ ಚರ್ಚಿಸಬೇಕೆಂದು ಈ ಎಳೆಯನ್ನು ತೆರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಹಿನ್ನೆಲೆ ಹೇಳುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಂಡೆಯಲ್ಲಿರುವ ಎಲ್ ಸೆರಿಟೊ ಎಂಬ ಸಣ್ಣ ಊರಿನ ಪೋರ್ಟೊಲಾ ಶಾಲೆಯಲ್ಲಿ ಜಾನ್ ಫೋಗರ್ಟಿ, ಮುಂದೆ ಬಾಸ್ ಹಿಡಿದ ಸ್ಟೂ ಕುಕ್, ಡ್ರಮ್ಸ್ ನುಡಿಸಿದ ಡಗ್ ಕ್ಲಿಫರ್ಡ್ ಎಂಬ ಮೂವರು ಹುಡುಗರು ಒಂದಾದರು. ಮೂವರೂ 1945ರಲ್ಲಿ ಹುಟ್ಟಿದವರು; ಕುಕ್ ಮತ್ತು ಕ್ಲಿಫರ್ಡ್ ಅವರ ಜನ್ಮದಿನಗಳ ನಡುವೆ ಒಂದೇ ದಿನದ ಅಂತರ. 1959ರಲ್ಲಿ ‘ಬ್ಲೂ ವೆಲ್ವೆಟ್ಸ್’ ಎಂಬ ಹೆಸರಿನಲ್ಲಿ ಇವರು ನುಡಿಸತೊಡಗಿದಾಗ ಜಾನ್‌ನ ಅಣ್ಣ ಟಾಮ್ ಮುಖ್ಯ ಗಾಯಕನಾಗಿ ಸೇರಿಕೊಂಡ. 1964ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫ್ಯಾಂಟಸಿ ರೆಕಾರ್ಡ್ಸ್ ಎಂಬ ಪುಟ್ಟ ಜಾಝ್ ಕಂಪನಿ ಇವರನ್ನು ಸೇರಿಸಿಕೊಂಡು, ಆಗ ಅಮೆರಿಕವನ್ನು ಆವರಿಸಿದ್ದ ಇಂಗ್ಲಿಷ್ ತಂಡಗಳ ಗಾಳಿಗೆ ಹೊಂದಲೆಂದು ‘ಗಾಲಿವಾಗ್ಸ್’ ಎಂಬ ಹೆಸರನ್ನು ಅಂಟಿಸಿತು. ಕರಿಯರನ್ನು ಅಣಕಿಸುವ ಗೊಂಬೆಯೊಂದರ ಆ ಹೆಸರನ್ನು ನಾಲ್ವರೂ ದ್ವೇಷಿಸುತ್ತಿದ್ದರು. 1967ರಲ್ಲಿ ಸಾಲ್ ಝೆಂಟ್ಸ್ ಮತ್ತು ಅವನ ಪಾಲುದಾರರು ಫ್ಯಾಂಟಸಿಯನ್ನು ಕೊಂಡುಕೊಂಡ ಮೇಲೆ ಹೆಸರು ಬದಲಾಯಿತು. ಟಾಮ್‌ನ ಪರಿಚಯದವನೊಬ್ಬನ ಹೆಸರಿನಿಂದ ‘ಕ್ರೀಡೆನ್ಸ್’, ಬಿಯರ್ ಜಾಹೀರಾತೊಂದರಿಂದ ‘ಕ್ಲಿಯರ್‌ವಾಟರ್’, ತಮ್ಮದೇ ಮರುಹುಟ್ಟಿನ ಆಸೆಯಿಂದ ‘ರಿವೈವಲ್’ ಕೂಡಿಕೊಂಡವು. ಜಗತ್ತಿಗೆ ಇವರು ಹೊಸಬರಾಗಿ ಕಂಡರೂ ಆ ಹೊತ್ತಿಗೆ ಜೊತೆಯಾಗಿ ನುಡಿಸಿ ಸುಮಾರು ಒಂಬತ್ತು ವರ್ಷವಾಗಿತ್ತೆಂಬುದನ್ನು ಮರೆಯಬಾರದು.

ಮುಂದಿನದು ನಂಬಲಾಗದ ವೇಗ. 1968ರಲ್ಲಿ ಮೊದಲ ಆಲ್ಬಂ ಬಂದಿತು. 1969ರ ಒಂದೇ ವರ್ಷದಲ್ಲಿ ‘ಬಾಯೂ ಕಂಟ್ರಿ’, ‘ಗ್ರೀನ್ ರಿವರ್’, ‘ವಿಲ್ಲಿ ಅಂಡ್ ದ ಪೂರ್ ಬಾಯ್ಸ್’ ಎಂಬ ಮೂರು ಬಂದವು. 1970ರ ‘ಕಾಸ್ಮೋಸ್ ಫ್ಯಾಕ್ಟರಿ’ ಒಂಬತ್ತು ವಾರ ಅಮೆರಿಕದ ಆಲ್ಬಂ ಪಟ್ಟಿಯ ತುದಿಯಲ್ಲಿ ಕುಳಿತಿತು. ಅದೇ ವರ್ಷದ ಡಿಸೆಂಬರಿನಲ್ಲಿ ‘ಪೆಂಡ್ಯುಲಮ್’ ಬಂದಿತು. 1971ರ ಆರಂಭದಲ್ಲಿ ಟಾಮ್ ಹೊರನಡೆದ. 1972ರ ‘ಮಾರ್ಡಿ ಗ್ರಾ’ ಎಂಬ ಸೊರಗಿದ ಆಲ್ಬಂ ಬಂದ ವರ್ಷದ ಅಕ್ಟೋಬರಿನಲ್ಲಿ ತಂಡ ಬರಖಾಸ್ತಾಯಿತು.

ಇಷ್ಟು ಹದವಾಗಿ ಬೇಯುತ್ತಿದ್ದ ಒಲೆಯನ್ನು ಆರಿಸಿದ್ದು ಅಣ್ಣತಮ್ಮಂದಿರ ಜಗಳವೋ, ಕಂಪನಿಯ ಕರಾರುಪತ್ರವೋ? ನನ್ನ ಮತ ಕರಾರಿನ ಕಡೆಗಿದೆ, ಆದರೆ ಗಟ್ಟಿಯಾಗಿಲ್ಲ.

ಮಲೆನಾಡಿನವ

ಪ್ರಶ್ನೆಗೆ ಉತ್ತರಿಸುವ ಮೊದಲು ನನ್ನದೊಂದು ತಕರಾರು ಇದೆ. ಇವರ ಸಂಗೀತವನ್ನು ಬೇರು ರಾಕ್ (ಜನಪದ, ಬ್ಲೂಸ್‌ನಂಥ ಹಳೆಯ ಬೇರುಗಳಿಗೆ ಮರಳುವ ರಾಕ್) ಎಂದು ಕರೆಯುವಾಗ ಆ ಬೇರು ಯಾವ ಮಣ್ಣಿನಲ್ಲಿದೆ ಎಂದು ಕೇಳಬೇಕಲ್ಲವೇ? ಲೂಯಿಸಿಯಾನಾದ ಜೌಗು ನೆಲ, ಮಿಸಿಸಿಪ್ಪಿಯ ಉಗಿಹಡಗು, ಹತ್ತಿಯ ಹೊಲ ಇವೆಲ್ಲ ಈ ತಂಡದ ಹಾಡುಗಳಲ್ಲಿ ತುಂಬಿವೆ. ಹಾಡು ಕಟ್ಟಿದ ಜಾನ್ ಫೋಗರ್ಟಿಯಾದರೋ ಬರ್ಕ್ಲಿಯಲ್ಲಿ ಹುಟ್ಟಿ, ಎಲ್ ಸೆರಿಟೊದಲ್ಲಿ ಬೆಳೆದವನು. ಬಾಯೂ ಎಂಬ ಜೌಗುಹಳ್ಳದ ದಂಡೆಯಲ್ಲಿ ಅವನು ಒಂದು ದಿನವೂ ಬಾಳಿದವನಲ್ಲ. ಉಚ್ಚಾರವನ್ನು ಕೂಡ ದಕ್ಷಿಣದವರಂತೆ ತಿರುಚಿ ಹಾಡುತ್ತಾನೆ. ಕಡಲನ್ನೇ ನೋಡದವನು ಮೊಗವೀರರ ಹಾಡು ಕಟ್ಟಿದರೆ ನಾವು ಹೇಗೆ ನೋಡುತ್ತೇವೆ? ಹಾಡುಗಳು ನನಗೂ ಇಷ್ಟವೇ. ಅವುಗಳನ್ನು ‘ನೆಲದ ಹಾಡು’ ಎನ್ನುವಾಗ ಮಾತ್ರ ಸಂಕೋಚವಾಗುತ್ತದೆ.

ಫ್ರೀಮಾಂಟ್ ಕನ್ನಡಿಗ

ಮಲೆನಾಡಿನವರ ತಕರಾರು ಅರ್ಧ ಸರಿ. ನಾನಿರುವ ಊರಿನಿಂದ ಬಾರ್ಟ್ ರೈಲು ಹತ್ತಿದರೆ ಬರ್ಕ್ಲಿ ದಾಟಿದ ಸ್ವಲ್ಪ ಹೊತ್ತಿಗೇ ಎಲ್ ಸೆರಿಟೊ ಬರುತ್ತದೆ. ಗುಡ್ಡದ ಇಳಿಜಾರು, ಒತ್ತಾಗಿ ನಿಂತ ಮನೆಗಳು, ಎದುರಿಗೆ ಕೊಲ್ಲಿ. ಮೊಸಳೆಯೂ ಇಲ್ಲ, ಜೌಗೂ ಇಲ್ಲ. ಆದರೆ ಎಲ್ಲವನ್ನೂ ವೇಷವೆಂದು ತಳ್ಳಿಹಾಕಲಾಗದು. ‘ಗ್ರೀನ್ ರಿವರ್’ ಹಾಡಿನ ಹೊಳೆ ಕ್ಯಾಲಿಫೋರ್ನಿಯಾದ ಒಳನಾಡಿನ ವಿಂಟರ್ಸ್ ಎಂಬ ಊರಿನ ಬಳಿ ಹರಿಯುವ ಪ್ಯೂಟಾ ಕ್ರೀಕ್. ಫೋಗರ್ಟಿ ಕುಟುಂಬ ಬೇಸಿಗೆ ರಜೆಗೆ ಅಲ್ಲಿಗೆ ಹೋಗುತ್ತಿತ್ತು, ಹಗ್ಗಕ್ಕೆ ಜೋತುಬಿದ್ದು ನೀರಿಗೆ ಹಾರಿದ್ದು ಆ ಹುಡುಗನ ಸ್ವಂತ ನೆನಪು. ಹೆಸರು ಮಾತ್ರ ಹೊಳೆಯದಲ್ಲ, ಸೋಡಾ ಅಂಗಡಿಯಲ್ಲಿ ಕಂಡ ಹಸಿರು ಶರಬತ್ತಿನ ಶೀಸೆಯದು. ಲೋಡೈ ಹಾಡಿನ ಕಥೆ ಇದಕ್ಕೆ ತಿರುಗುಮುರುಗು. ಸ್ಟಾಕ್ಟನ್ ಹತ್ತಿರದ ಆ ದ್ರಾಕ್ಷಿ ತೋಟಗಳ ಊರನ್ನು ನೋಡದೆಯೇ, ಹೆಸರಿನ ನಾದ ಹಿಡಿಸಿತೆಂಬ ಕಾರಣಕ್ಕೆ, ದಿಕ್ಕೆಟ್ಟ ಗಾಯಕನೊಬ್ಬ ಸಿಕ್ಕಿಹಾಕಿಕೊಂಡ ಊರಾಗಿ ಅದನ್ನು ಹಾಡಿಗೆ ತಂದೆನೆಂದು ಜಾನ್ ತಾನೇ ಹೇಳಿಕೊಂಡಿದ್ದಾನೆ. ಸಾಲದ್ದಕ್ಕೆ ಲೋಡೈನವರು ಈಗ ಆ ಹಾಡಿನ ಬಗ್ಗೆ ಹೆಮ್ಮೆಪಡುತ್ತಾರೆ.

ದಕ್ಷಿಣದ ನೆಲ ಅವನಿಗೆ ಬಂದದ್ದು ರೇಡಿಯೊ ಮತ್ತು ರೆಕಾರ್ಡುಗಳ ಮೂಲಕ: ಹೌಲಿನ್ ವುಲ್ಫ್, ಲಿಟಲ್ ರಿಚರ್ಡ್, ಸನ್ ಕಂಪನಿಯ ಕಾಲದ ಎಲ್ವಿಸ್, ಲೆಡ್ ಬೆಲ್ಲಿ. ಇವರಿಗೆ ಮೊದಲ ಹೆಸರು ತಂದ ‘ಸೂಸಿ ಕ್ಯೂ’ ಲೂಯಿಸಿಯಾನಾದವನೇ ಆದ ಡೇಲ್ ಹಾಕಿನ್ಸ್ 1957ರಲ್ಲಿ ಹಾಡಿದ್ದು. ಅದನ್ನು ಎಂಟು ನಿಮಿಷಕ್ಕೂ ಹೆಚ್ಚು ಹಿಗ್ಗಿಸಿದ್ದು ಸ್ಥಳೀಯ ಎಫ್‌ಎಂ ಕೇಂದ್ರಗಳ ಅಭಿರುಚಿಗೆ ಒಪ್ಪಲೆಂದು. ನೆರೆಯ ಸ್ಯಾನ್ ಫ್ರಾನ್ಸಿಸ್ಕೊದ ತಂಡಗಳೆಲ್ಲ ಅಮಲಿನ ಮಂಪರಿನಲ್ಲಿ ಅರ್ಧ ಗಂಟೆಯ ರಾಗವಿಸ್ತಾರ ಮಾಡುತ್ತಿದ್ದ ಕಾಲದಲ್ಲಿ ಈ ನಾಲ್ವರು ಚೌಕಳಿ ಅಂಗಿ ತೊಟ್ಟು, ಎರಡೂವರೆ ನಿಮಿಷಕ್ಕೆ ಮುಗಿಯುವ ಹಾಡುಗಳನ್ನು ಬರ್ಕ್ಲಿಯ ಗೋದಾಮಿನಲ್ಲಿ ದಿನಗೂಲಿಯವರಂತೆ ಅಭ್ಯಾಸ ಮಾಡುತ್ತಿದ್ದರು. ‘ಕಾಸ್ಮೋಸ್ ಫ್ಯಾಕ್ಟರಿ’ ಎಂಬ ಹೆಸರು ಬಂದದ್ದೇ ಆ ಗೋದಾಮಿನಿಂದ. ಕಾಸ್ಮೊ ಎಂಬುದು ಕ್ಲಿಫರ್ಡ್‌ನ ಅಡ್ಡಹೆಸರು.

ಗಾನತಟ್ಟೆ

ಸೇರಿಸಬೇಕಾದ ತಮಾಷೆಯೊಂದಿದೆ. ಇವರ ಐದು ಬಿಡಿ ತಟ್ಟೆಗಳು (ಸಿಂಗಲ್‌ಗಳು) ಅಮೆರಿಕದ ಮುಖ್ಯ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿದವು, ಒಂದೂ ಮೊದಲನೆಯದಾಗಲಿಲ್ಲ. ‘ಗ್ರೀನ್ ರಿವರ್’ಗೆ ಅಡ್ಡ ನಿಂತದ್ದು ‘ಶುಗರ್, ಶುಗರ್’, ಅಂದರೆ ವ್ಯಂಗ್ಯಚಿತ್ರದ ಪಾತ್ರಗಳ ಹೆಸರಿನಲ್ಲಿ ಹೊರಟ ಹಾಡು. ‘ಬ್ಯಾಡ್ ಮೂನ್ ರೈಸಿಂಗ್’ ಬ್ರಿಟನ್ನಿನಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು, ತಾಯ್ನಾಡಿನಲ್ಲಿ ಅದೂ ಎರಡನೆಯದೇ.

ದೊಡ್ಡಾಟದ ಮದ್ದಳೆ

ಮೂಲ ಪ್ರಶ್ನೆಗೆ ಬರುತ್ತೇನೆ. ಫೋಗರ್ಟಿಯ ಕಥೆಯನ್ನು ಎಲ್ಲರೂ ಫೋಗರ್ಟಿಯ ಬಾಯಿಂದಲೇ ಕೇಳಿದ್ದಾರೆ. ಹಿಂದೆ ಕುಳಿತು ತಾಳ ಹಿಡಿದವರ ಕಡೆಯಿಂದಲೂ ಒಂದಿಷ್ಟು ನೋಡೋಣ.

1968ರ ನಂತರ ಆ ತಂಡದಲ್ಲಿ ಹಾಡು ಬರೆಯುವವನು, ಹಾಡುವವನು, ಗಿಟಾರ್ ನುಡಿಸುವವನು, ಧ್ವನಿಮುದ್ರಣದ ಮೇಲ್ವಿಚಾರಕ, ವ್ಯವಹಾರ ನೋಡಿಕೊಳ್ಳುವವನು ಎಲ್ಲವೂ ಜಾನ್ ಒಬ್ಬನೇ. ಹಿನ್ನೆಲೆ ದನಿಗಳನ್ನೂ ಅವನೇ ಪದರಪದರವಾಗಿ ಹಾಡಿ ಸೇರಿಸುತ್ತಿದ್ದ. ಪ್ರೇಕ್ಷಕರು ಎಷ್ಟೇ ಕೂಗಿದರೂ ಕಛೇರಿ ಮುಗಿದ ಮೇಲೆ ಮತ್ತೆ ವೇದಿಕೆಗೆ ಬರಬಾರದೆಂಬ ನಿಯಮ ಅವನದು. 1969ರ ವುಡ್‌ಸ್ಟಾಕ್ ಸಂಗೀತ ಉತ್ಸವಕ್ಕೆ ಸಹಿ ಹಾಕಿದ ಮೊದಲ ದೊಡ್ಡ ತಂಡ ಇವರದೇ. ಆದರೆ ಗ್ರೇಟ್‌ಫುಲ್ ಡೆಡ್ ತಂಡದ ಬಳಿಕ ಮಧ್ಯರಾತ್ರಿ ದಾಟಿ ಇವರ ಸರದಿ ಬಂದಾಗ ಜನ ಕೆಸರಿನಲ್ಲಿ ನಿದ್ದೆಹೋಗಿದ್ದರೆಂದು ಬೇಸತ್ತ ಜಾನ್, ಉತ್ಸವದ ಸಿನಿಮಾದಲ್ಲೂ ಆಲ್ಬಂನಲ್ಲೂ ತಮ್ಮ ಹಾಡು ಬರಕೂಡದೆಂದು ತಡೆದ. ಉಳಿದವರಿಗೆ ಆ ರಾತ್ರಿಯ ನುಡಿಸಾಣಿಕೆಯ ಬಗ್ಗೆ ಸಂಕೋಚವಿರಲಿಲ್ಲ. ಅದು ಪೂರ್ತಿಯಾಗಿ ಹೊರಬರಲು 2019ರವರೆಗೆ ಕಾಯಬೇಕಾಯಿತು. ಕೇಳಿ ನೋಡಿ, ಚೆನ್ನಾಗಿಯೇ ಇದೆ.

ಟಾಮ್‌ನ ಸ್ಥಿತಿಯನ್ನು ಯೋಚಿಸಿ. ತಂಡದ ಹಳೆಯ ಗಾಯಕ ಅವನು, ಮೇಲಾಗಿ ಅಣ್ಣ. ತಮ್ಮನ ಕಂಠ ಹೆಚ್ಚು ಬಲವಾದದ್ದೆಂದು ಒಪ್ಪಿ ತಾನೇ ಹಿಂದೆ ಸರಿದು ರಿದಮ್ ಗಿಟಾರ್ ಹಿಡಿದ. ಮೊದಲ ಆಲ್ಬಂನ ನಂತರ ಎಷ್ಟು ಕಾದರೂ ತನ್ನದೊಂದು ಹಾಡಿಗೆ ಜಾಗ ಸಿಗಲಿಲ್ಲ. ಅವನು ಹೋದ ನಂತರ ಜಾನ್ ಒಮ್ಮೆಗೇ ಇನ್ನೊಂದು ತುದಿಗೆ ಜಿಗಿದ: ಇನ್ನು ಮುಂದೆ ಮೂವರೂ ಸಮನಾಗಿ ಬರೆಯಬೇಕು, ಹಾಡಬೇಕು. ‘ಮಾರ್ಡಿ ಗ್ರಾ’ ಹುಟ್ಟಿದ್ದು ಹಾಗೆ. ಅದು ಗೆಳೆಯರೇ ಕೇಳಿ ಪಡೆದ ಪಾಲೆಂದು ಜಾನ್ ಹೇಳುತ್ತಾನೆ, ಬಲವಂತದಿಂದ ಹೇರಿದ್ದೆಂದು ಕುಕ್ ಮತ್ತು ಕ್ಲಿಫರ್ಡ್ ಹೇಳುತ್ತಾರೆ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ನಮ್ಮ ಗಾದೆ ಇಲ್ಲಿ ಗೆಳೆಯರಿಗೂ ಹೊಂದುತ್ತದೆ. ಕರಾರು ಇಲ್ಲದಿದ್ದರೂ ಈ ಮನೆ ಒಡೆಯುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಕಟಕಟೆ

ವೃತ್ತಿಯಿಂದ ವಕೀಲ, ಆದ್ದರಿಂದ ಕರಾರಿನ ಪಕ್ಷ ವಹಿಸುವುದು ನನಗೆ ಸಹಜ. ಮದ್ದಳೆಯವರ ಮಾತನ್ನು ಭಾಗಶಃ ಒಪ್ಪಿ ಮುಂದುವರಿಯುತ್ತೇನೆ.

ದಾಸರ ಕೀರ್ತನೆಯ ಕೊನೆಯಲ್ಲಿ ಅಂಕಿತವಿದ್ದರೆ ಅದು ಯಾರದ್ದೆಂದು ಯಾರೂ ಕೇಳುವುದಿಲ್ಲ. ಆಧುನಿಕ ಧ್ವನಿಮುದ್ರಣ ವ್ಯವಹಾರದಲ್ಲಿ ಅಂಕಿತ ಒಬ್ಬನದು, ಒಡೆತನ ಮತ್ತೊಬ್ಬನದು. ಫೋಗರ್ಟಿ ಬರೆದ ಹಾಡುಗಳ ಪ್ರಕಾಶನದ ಹಕ್ಕು ಫ್ಯಾಂಟಸಿ ಕಂಪನಿಗೆ ಸೇರಿತ್ತು, ಧ್ವನಿಮುದ್ರಿಕೆಗಳೂ ಅದರದೇ. ಮೇಲಾಗಿ ಪ್ರತಿವರ್ಷ ಇಂತಿಷ್ಟು ಹಾಡುಗಳನ್ನು ಒಪ್ಪಿಸಬೇಕೆಂಬ ಷರತ್ತು, ಒಪ್ಪಿಸದಿದ್ದರೆ ಬಾಕಿ ಮುಂದಿನ ವರ್ಷಕ್ಕೆ ಸೇರುವ ಏರ್ಪಾಡು ಇದ್ದವು. ತಂಡ ಒಡೆದ ಮೇಲೂ ಆ ಬಾಕಿ ಜಾನ್‌ನ ಹೆಗಲ ಮೇಲೇ ಉಳಿಯಿತು. ನಾಲ್ವರ ಉಳಿತಾಯವನ್ನು ತೆರಿಗೆ ತಪ್ಪಿಸಲೆಂದು ಬಹಾಮಾಸ್ ದ್ವೀಪದ ಬ್ಯಾಂಕೊಂದರಲ್ಲಿ ಇಡಲಾಗಿತ್ತು. ಆ ಬ್ಯಾಂಕ್ ಮುಚ್ಚಿಹೋಗಿ ಹಣ ಕರಗಿತು. ಆ ಕರಾರಿನಿಂದ ಬಿಡುಗಡೆ ಪಡೆಯಲೆಂದು 1980ರಲ್ಲಿ ಜಾನ್ ತನಗೆ ಕ್ರೀಡೆನ್ಸ್ ಹಾಡುಗಳಿಂದ ಬರಬೇಕಿದ್ದ ಗಾಯಕನ ಗೌರವಧನವನ್ನೇ ಬಿಟ್ಟುಕೊಟ್ಟ. ತನ್ನ ಹಾಡುಗಳನ್ನು ವೇದಿಕೆಯಲ್ಲಿ ಹಾಡುವುದನ್ನೂ ವರ್ಷಗಟ್ಟಲೆ ನಿಲ್ಲಿಸಿದ. ಅತ್ತ ಝೆಂಟ್ಸ್ ಸಿನಿಮಾ ನಿರ್ಮಾಪಕನಾಗಿ ‘ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್’, ‘ಅಮೇಡಿಯಸ್’, ‘ದ ಇಂಗ್ಲಿಷ್ ಪೇಷಂಟ್’ ಚಿತ್ರಗಳಿಗೆ ಆಸ್ಕರ್ ಪಡೆದ.

ಕಾನೂನು ಕಲಿತವರಿಗೆಲ್ಲ ರುಚಿಸುವ ಭಾಗ ಇನ್ನು ಮುಂದೆ. 1985ರಲ್ಲಿ ಜಾನ್ ಎಲ್ಲ ವಾದ್ಯಗಳನ್ನೂ ತಾನೊಬ್ಬನೇ ನುಡಿಸಿ ಹೊರತಂದ ‘ಸೆಂಟರ್‌ಫೀಲ್ಡ್’ ಪಟ್ಟಿಯ ತುದಿಗೇರಿತು. ಅದರಲ್ಲಿನ ‘ದ ಓಲ್ಡ್ ಮ್ಯಾನ್ ಡೌನ್ ದ ರೋಡ್’ ಎಂಬ ಹಾಡು 1970ರ ‘ರನ್ ಥ್ರೂ ದ ಜಂಗಲ್’ನ ನಕಲೆಂದು ಫ್ಯಾಂಟಸಿ ದಾವೆ ಹೂಡಿತು. ಹಳೆಯ ಹಾಡನ್ನು ಬರೆದವನೂ ಫೋಗರ್ಟಿಯೇ. ಅಂದರೆ ಅವನು ತನ್ನನ್ನೇ ಕದ್ದನೆಂಬುದು ಆರೋಪ. 1988ರಲ್ಲಿ ಅವನು ಗಿಟಾರ್ ಹಿಡಿದು ಸಾಕ್ಷಿಕಟ್ಟೆಯಲ್ಲಿ ಕುಳಿತು, ಎರಡು ಹಾಡುಗಳಲ್ಲಿ ಸಮಾನವಾದದ್ದು ತನ್ನ ಶೈಲಿಯೇ ಹೊರತು ಹಾಡಲ್ಲವೆಂದು ನುಡಿಸಿ ತೋರಿಸಿದ. ಜ್ಯೂರಿ ಅವನ ಪರ ತೀರ್ಪು ಕೊಟ್ಟಿತು.

ಗೆದ್ದವನು ವಕೀಲರ ಶುಲ್ಕ ಕೇಳಿದಾಗ ಇನ್ನೊಂದು ಸಮಸ್ಯೆ ಎದ್ದಿತು. ಕೃತಿಸ್ವಾಮ್ಯದ ಮೊಕದ್ದಮೆಯಲ್ಲಿ ಫಿರ್ಯಾದಿ ಗೆದ್ದರೆ ಶುಲ್ಕ ಸಾಮಾನ್ಯವಾಗಿ ಸಿಗುತ್ತಿತ್ತು. ಪ್ರತಿವಾದಿ ಗೆದ್ದರೆ ಮಾತ್ರ, ದಾವೆ ಕ್ಷುಲ್ಲಕವೆಂದೋ ದುರುದ್ದೇಶದ್ದೆಂದೋ ಅವನು ತೋರಿಸಬೇಕಿತ್ತು. ಕೆಳಗಿನ ನ್ಯಾಯಾಲಯಗಳು ಇದೇ ಅಳತೆಗೋಲಿನಿಂದ ಶುಲ್ಕ ನಿರಾಕರಿಸಿದವು. 1994ರ ಮಾರ್ಚ್ 1ರಂದು ಅಮೆರಿಕದ ಸುಪ್ರೀಂ ಕೋರ್ಟ್, ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಬರೆದ ತೀರ್ಪಿನಲ್ಲಿ, ಇಬ್ಬರಿಗೂ ಒಂದೇ ಮಾನದಂಡ ಅನ್ವಯಿಸಬೇಕೆಂದು ಹೇಳಿತು. ಮುಂದೆ ಅವನಿಗೆ ಹದಿಮೂರು ಲಕ್ಷ ಡಾಲರಿಗೂ ಮೀರಿದ ಶುಲ್ಕ ದೊರೆಯಿತು. ‘ಫೋಗರ್ಟಿ ವಿರುದ್ಧ ಫ್ಯಾಂಟಸಿ’ ಇಂದಿಗೂ ಅಲ್ಲಿನ ಕೃತಿಸ್ವಾಮ್ಯ ಮೊಕದ್ದಮೆಗಳಲ್ಲಿ ಉಲ್ಲೇಖವಾಗುವ ತೀರ್ಪು. ಒಬ್ಬ ರಾಕ್ ಗಾಯಕನ ಹಟದಿಂದ ಮುಂದಿನ ಪ್ರತಿವಾದಿಗಳಿಗೆಲ್ಲ ಉಪಕಾರವಾಯಿತು.

ಇದೇ ಜಾನ್ ಹಿಂದೊಮ್ಮೆ ಇನ್ನೊಬ್ಬರ ಹಾಡು ನಕಲಿಸಿದ ಆರೋಪಕ್ಕೂ ಗುರಿಯಾದದ್ದುಂಟು: ‘ಟ್ರಾವೆಲಿನ್ ಬ್ಯಾಂಡ್’ ಲಿಟಲ್ ರಿಚರ್ಡ್‌ನ ‘ಗುಡ್ ಗಾಲಿ, ಮಿಸ್ ಮಾಲಿ’ಗೆ ತೀರ ಹತ್ತಿರವಾಗಿದೆಯೆಂದು ಅದರ ಪ್ರಕಾಶಕರು ದಾವೆ ಹೂಡಿದ್ದರು, ಅದು ರಾಜಿಯಲ್ಲಿ ಮುಗಿಯಿತು.

ಮಲೆನಾಡಿನವ

ಕಟಕಟೆಯವರಿಗೆ ವಂದನೆ. ‘ರನ್ ಥ್ರೂ ದ ಜಂಗಲ್’ ವಿಯೆಟ್ನಾಂ ಕಾಡಿನ ಹಾಡೆಂದೇ ನಾನು ತಿಳಿದಿದ್ದೆ, ಸಿನಿಮಾಗಳಲ್ಲೂ ಹಾಗೆಯೇ ಬಳಸುತ್ತಾರೆ. ಇದು ಸರಿಯೇ? ಹಾಗೆಯೇ ಅಣ್ಣ ಟಾಮ್ ಮುಂದೆ ಏನಾದ?

ಗಾನತಟ್ಟೆ

ಆ ಹಾಡು ಅಮೆರಿಕದಲ್ಲಿ ಜನರ ಕೈಯಲ್ಲಿದ್ದ ಬಂದೂಕುಗಳ ಬಗ್ಗೆ ಎಂದು ಫೋಗರ್ಟಿ ಸ್ಪಷ್ಟಪಡಿಸಿದ್ದಾನೆ. ಯುದ್ಧದ ಹಾಡೆಂದರೆ ‘ಫಾರ್ಚುನೇಟ್ ಸನ್’. ಜಾನ್ ಮತ್ತು ಕ್ಲಿಫರ್ಡ್ ಇಬ್ಬರೂ ಮೀಸಲು ಪಡೆಗಳಲ್ಲಿದ್ದವರು, ಒಬ್ಬ ಸೇನೆಯಲ್ಲಿ, ಇನ್ನೊಬ್ಬ ಕರಾವಳಿ ಪಡೆಯಲ್ಲಿ. ಹಿಂದಿನ ಅಧ್ಯಕ್ಷ ಐಸನ್‌ಹೋವರ್‌ನ ಮೊಮ್ಮಗ ಡೇವಿಡ್, ನಿಕ್ಸನ್‌ನ ಮಗಳು ಜೂಲಿಯನ್ನು 1968ರ ಡಿಸೆಂಬರಿನಲ್ಲಿ ಮದುವೆಯಾದಾಗ, ಇಂಥ ಮನೆಗಳ ಮಕ್ಕಳು ಯುದ್ಧದ ಮುಂಚೂಣಿಗೆ ಹೋಗುವುದಿಲ್ಲವೆಂಬ ಸಿಟ್ಟಿನಿಂದ ಹುಟ್ಟಿದ ಹಾಡು ಅದು. ಅದನ್ನು ದೇಶಭಕ್ತಿಗೀತೆಯೆಂದು ತಪ್ಪಾಗಿ ಭಾವಿಸಿ ಚುನಾವಣಾ ಸಭೆಗಳಲ್ಲಿ ಹಾಕುವವರಿದ್ದಾರೆ. 2020ರಲ್ಲಿ ಡೊನಾಲ್ಡ್ ಟ್ರಂಪ್ ಸಭೆಗಳಲ್ಲಿ ಅದು ಮೊಳಗಿದಾಗ ನಿಲ್ಲಿಸಬೇಕೆಂದು ಫೋಗರ್ಟಿ ನೋಟಿಸು ಕಳಿಸಿದ.

ಜಾನ್ ತನ್ನ ಹಳೆಯ ಹಾಡುಗಳಿಗೆ ಮರಳಿದ್ದೂ ಸೈನಿಕರ ನೆಪದಿಂದಲೇ. 1987ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸಿನ ಪಾಲೊಮಿನೊ ಕ್ಲಬ್ಬಿನಲ್ಲಿ ಬಾಬ್ ಡಿಲನ್, ಜಾರ್ಜ್ ಹ್ಯಾರಿಸನ್ ಜೊತೆಗಿದ್ದಾಗ, ನೀನು ಹಾಡದಿದ್ದರೆ ‘ಪ್ರೌಡ್ ಮೇರಿ’ ಟೀನಾ ಟರ್ನರ್‌ಳ ಹಾಡೆಂದೇ ಜಗತ್ತು ತಿಳಿಯುತ್ತದೆಯೆಂದು ಡಿಲನ್ ಕೆಣಕಿದನಂತೆ. ಅದೇ ವರ್ಷದ ಜುಲೈ 4ರಂದು ವಿಯೆಟ್ನಾಂ ಯೋಧರಿಗಾಗಿ ನಡೆದ ಕಛೇರಿಯಲ್ಲಿ ಅವನು ಹಾಡುಗಳನ್ನು ಮತ್ತೆ ಎತ್ತಿಕೊಂಡ.

ಟಾಮ್‌ನದು ನೋವಿನ ಕಥೆ. ಅವನು ಸ್ವಂತ ಆಲ್ಬಂಗಳನ್ನು ಫ್ಯಾಂಟಸಿಯಿಂದಲೇ ಹೊರತಂದ, ವ್ಯಾಜ್ಯದಲ್ಲಿ ಝೆಂಟ್ಸ್‌ನ ಪರ ನಿಂತ. 1980ರಲ್ಲಿ ಟಾಮ್‌ನ ಮದುವೆಯ ದಿನ ನಾಲ್ವರೂ ಒಟ್ಟಿಗೆ ನುಡಿಸಿದ್ದೇ ಕೊನೆ. ಶಸ್ತ್ರಚಿಕಿತ್ಸೆಯ ವೇಳೆ ಪಡೆದ ರಕ್ತದಿಂದ ಎಚ್‌ಐವಿ ಸೋಂಕು ತಗುಲಿ, ಕ್ಷಯದಿಂದ ನರಳಿ 1990ರ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಅಣ್ಣತಮ್ಮಂದಿರು ಮನಸಾರೆ ರಾಜಿಯಾಗಲೇ ಇಲ್ಲ. 1993ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ತಂಡವನ್ನು ಸೇರಿಸಿದ ರಾತ್ರಿ ಜಾನ್ ಹಳೆಯ ಗೆಳೆಯರೊಂದಿಗೆ ನುಡಿಸಲು ಒಪ್ಪದೆ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮತ್ತಿತರರ ಜೊತೆ ಹಾಡಿದ. ಕುಕ್ ಮತ್ತು ಕ್ಲಿಫರ್ಡ್ ಸಭಾಂಗಣದಲ್ಲೇ ಇದ್ದರು. ಕರಾರಿನ ಪಕ್ಷ ವಹಿಸುವ ನನಗೂ ಇದನ್ನು ಸಮರ್ಥಿಸಲು ಬಾಯಿ ಬರುವುದಿಲ್ಲ.

ಫ್ರೀಮಾಂಟ್ ಕನ್ನಡಿಗ

ಇಲ್ಲಿ ಹಳೆ ತಟ್ಟೆ ಸಂಗ್ರಹಿಸುವವರಿದ್ದರೆ ಒಂದು ಎಚ್ಚರಿಕೆ. 1980ರಲ್ಲಿ ‘ದ ರಾಯಲ್ ಆಲ್ಬರ್ಟ್ ಹಾಲ್ ಕಾನ್ಸರ್ಟ್’ ಎಂದು ಕಂಪನಿ ಹೊರತಂದದ್ದು ಲಂಡನ್ನಿನ ಕಛೇರಿಯೇ ಅಲ್ಲ. ಅದು 1970ರ ಜನವರಿಯಲ್ಲಿ ಎಲ್ ಸೆರಿಟೊದ ಪಕ್ಕದ ಓಕ್ಲಂಡ್‌ನಲ್ಲಿ ಮುದ್ರಿಸಿದ್ದು. ತಪ್ಪು ಬೆಳಕಿಗೆ ಬಂದ ಮೇಲೆ ‘ದ ಕಾನ್ಸರ್ಟ್’ ಎಂದು ಹೆಸರು ಬದಲಿಸಿದರು. ಹಳೆಯ ಹೆಸರಿನ ಪ್ರತಿಗಳು ಈಗಲೂ ಅಂಗಡಿಗಳಲ್ಲಿ ಸಿಗುತ್ತವೆ. ನಿಜವಾದ ಲಂಡನ್ ಕಛೇರಿ, 1970ರ ಏಪ್ರಿಲ್ 14ರದ್ದು, ಬಂದದ್ದು 2022ರಲ್ಲಿ. ಬರ್ಕ್ಲಿಯ ಹತ್ತನೇ ರಸ್ತೆಯಲ್ಲಿ ಇವರ ದುಡಿಮೆಯಿಂದ ಎದ್ದ ಫ್ಯಾಂಟಸಿ ಸ್ಟುಡಿಯೊದ ಕಟ್ಟಡವನ್ನು ನೋಡಿದ್ದೇನೆ. ಸ್ಟುಡಿಯೊ 2018ರಲ್ಲಿ ಮುಚ್ಚಿತು.

ಕಟಕಟೆ

ಒಡೆತನದ ಕಥೆಗೆ ಕೊನೆಯ ಕಂತು: 2004ರಲ್ಲಿ ಫ್ಯಾಂಟಸಿಯನ್ನು ಕೊಂಡ ಕಾಂಕಾರ್ಡ್ ಕಂಪನಿ, ಜಾನ್ ಬಿಟ್ಟುಕೊಟ್ಟಿದ್ದ ಗೌರವಧನವನ್ನು ಅವನಿಗೆ ಮತ್ತೆ ಕೊಡತೊಡಗಿತು. 2023ರ ಜನವರಿಯಲ್ಲಿ ಹಾಡುಗಳ ಪ್ರಕಾಶನದ ಹಕ್ಕಿನಲ್ಲಿ ಬಹುಪಾಲು ಜಾನ್‌ಗೆ ದಕ್ಕಿತು. ಆಗ ಅವನಿಗೆ 77 ವರ್ಷ. ಮೂಲ ಧ್ವನಿಮುದ್ರಿಕೆಗಳು ಮಾತ್ರ ಕಂಪನಿಯ ಬಳಿಯೇ ಉಳಿದವು.

ದೊಡ್ಡಾಟದ ಮದ್ದಳೆ

ಆ ಮುದ್ರಿಕೆಗಳು ಉಳಿದದ್ದರಿಂದಲೇ 2025ರಲ್ಲಿ ಅವನು ಹಳೆಯ ಹಾಡುಗಳನ್ನು ಮಕ್ಕಳ ಜೊತೆ ಸೇರಿ ಮತ್ತೆ ಮುದ್ರಿಸಿ ‘ಲೆಗಸಿ’ ಎಂದು ಹೊರತಂದದ್ದು. ಎಂಬತ್ತರ ಕಂಠ ಬೆರಗು ಹುಟ್ಟಿಸುವಷ್ಟು ಗಟ್ಟಿಯಿದೆ, ಸ್ವರಗಳೆಲ್ಲ ಜಾಗದಲ್ಲಿವೆ. ಆದರೂ 1969ರ ‘ಬಾರ್ನ್ ಆನ್ ದ ಬಾಯೂ’ ಹಾಕಿ ನೋಡಿ. ಕಂಪಿಸುವ ಗಿಟಾರ್ ಒಂದಿಷ್ಟು ಹೊತ್ತು ಒಂಟಿಯಾಗಿ ನಡೆದ ಮೇಲೆ ಕ್ಲಿಫರ್ಡ್ ಒಳಗೆ ಬರುತ್ತಾನೆ, ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ, ಭಾರ ಹೊತ್ತ ಎತ್ತಿನಂತೆ. ಕುಕ್‌ನ ಬಾಸ್ ಅದಕ್ಕೆ ಅಂಟಿಕೊಳ್ಳುತ್ತದೆ. ಟಾಮ್‌ನ ರಿದಮ್ ಗಿಟಾರ್ ಕಿವಿಗೆ ಬೀಳುವುದೇ ಇಲ್ಲ, ಹೆಡ್‌ಫೋನ್ ಹಾಕಿ ಹುಡುಕಿದರೆ ಗೋಡೆಯ ಹಿಂದಿನ ಗಾರೆಯಂತೆ ಎಲ್ಲ ಕಡೆಯೂ ಇದೆ. ಅರ್ಧ ಶತಮಾನದ ವ್ಯಾಜ್ಯದಲ್ಲಿ ಯಾವ ಪಕ್ಷವೂ ಅದಕ್ಕೆ ಹಕ್ಕು ಕೇಳಲಿಲ್ಲ, ಕೇಳುವ ಕಲಮೂ ಕಾನೂನಿನಲ್ಲಿ ಇರಲಿಲ್ಲವೆಂದು ಕಾಣುತ್ತದೆ, ಕಟಕಟೆಯವರು ತಿದ್ದಬಹುದು.

ಕಟಕಟೆ

ತಿದ್ದುವಂಥದ್ದೇನಿಲ್ಲ. ಹೆಡ್‌ಫೋನ್ ಹುಡುಕುತ್ತಿದ್ದೇನೆ.